‘ಪೊೞಲ್’ ಶಬ್ದದ ಅರ್ಥ ಮತ್ತು ನಿಷ್ಪತ್ತಿ: ಒಂದು ವಿಮರ್ಶೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಶೇಷವು ಕಂಡುಬರುತ್ತದೆ. ಜನವಸತಿಯನ್ನು ಸೂಚಿಸುವ ಮೂರು ಬೇರೆ ಬೇರೆ ಶಬ್ದಗಳು ಇವುಗಳಲ್ಲಿ ಉಳಿದುಬಂದಿವೆ. ಚಿತ್ರದುರ್ಗ, ಹೊಸದುರ್ಗಗಳಲ್ಲಿರುವುದು ಸಂಸ್ಕೃತದ ‘ದುರ್ಗ’. ಹೋಗಿ ಸೇರಲು ಕಷ್ಟವಾದುದು ಎಂಬುದು ಅದರ ಮೂಲಾರ್ಥ. ಹಿರಿಯೂರಿನಲ್ಲಿರುವುದು ‘ಊರ್’, ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಇಂದಿಗೂ ಬಳಕೆಯಲ್ಲಿರುವ ಶಬ್ದ. ಹೊಳಲ್ಕೆರೆಯಲ್ಲಿರುವುದು ‘ಹೊಳಲ್’. ಮೊದಲ ಎರಡು ಶಬ್ದಗಳ ಅರ್ಥ ಎಲ್ಲರಿಗೂ ವಿದಿತವಾದುದು. ಮೂರನೆಯದು ಇಂದಿನ ಆಡುಮಾತಿನಲ್ಲಿ ಇಲ್ಲ. ಸ್ಥಳನಾಮಗಳಲ್ಲಿ ಮಾತ್ರ ಶಿಲೆಯಲ್ಲಿ ಸಿಕ್ಕಿದ ಚಿಪ್ಪಿನಂತೆ ಉಳಿದುಕೊಂಡಿದೆ. ಅರ್ಥ ಮರೆತುಹೋದ ಶಬ್ದಕ್ಕೆ ಜನರು ತಮಗೆ ತೋರಿದ ಅರ್ಥವನ್ನು ಹೇಳುವುದು ಸಹಜ. ವಿದ್ವಾಂಸರಾದವರೂ ಹಾಗೆಯೇ ಮಾಡಿದರೆ ಅದನ್ನು ವಿಚಾರಿಸಬೇಕಾಗುತ್ತದೆ.

ಶಬ್ದವು ಚಿಕ್ಕದಾದಷ್ಟೂ ನಿಷ್ಪತ್ತಿಕಾರನಿಗೆ ಅಪಾಯ ಹೆಚ್ಚು. ಐದಾರು ಅಕ್ಷರಗಳ ಶಬ್ದಕ್ಕೆ ಮತ್ತೊಂದು ಭಾಷೆಯಲ್ಲಿ ಅದೇ ಅರ್ಥದ, ಅದೇ ರೂಪದ ಶಬ್ದ ಆಕಸ್ಮಿಕವಾಗಿ ಸಿಗುವುದು ಅಪರೂಪ. ಎರಡು ಮೂರು ಅಕ್ಷರಗಳ ಶಬ್ದಕ್ಕಾದರೋ ಜಗತ್ತಿನ ಭಾಷೆಗಳಲ್ಲಿ ಎಲ್ಲಿಯಾದರೂ ಒಂದು ಸದೃಶರೂಪ ಸಿಕ್ಕಿಯೇ ಸಿಗುತ್ತದೆ. ಆದ್ದರಿಂದ ಸಾದೃಶ್ಯ ಮಾತ್ರದಿಂದ ಸಂಬಂಧ ಸಿದ್ಧಿಸುವುದಿಲ್ಲ; ನಿಯತವಾದ ಧ್ವನಿಸಂವಾದದಿಂದ ಮಾತ್ರ ಸಿದ್ಧಿಸುತ್ತದೆ. ಈ ತತ್ತ್ವ ಹೊಸದಲ್ಲ. ಕಾಲ್ಡ್‌ವೆಲ್ಲರ ತುಲನಾತ್ಮಕ ವ್ಯಾಕರಣವು 1856ರಲ್ಲಿ ಹೊರಬಂದ ಮೇಲೆ, ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿಕೋಶವು 1961ರಲ್ಲಿ ಪ್ರಕಟವಾಗಿ 1984ರಲ್ಲಿ ಪರಿಷ್ಕೃತವಾದ ಮೇಲೆ, ಅದು ಎಲ್ಲರೂ ಬಾಯಲ್ಲಿ ಒಪ್ಪುವ ತತ್ತ್ವವಾಗಿದೆ. ಆಚರಣೆಯಲ್ಲಿ ಅದು ಹೇಗೆ ಕೈತಪ್ಪುತ್ತದೆ, ಅದನ್ನು ಕಾಪಾಡುವಲ್ಲಿ ನಮ್ಮ ಓಲೆಗರಿಗಳ ಪಾತ್ರವೇನು ಎಂಬುದನ್ನು ಈ ಒಂದೇ ಶಬ್ದವನ್ನು ಆಧರಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದದ ರೂಪ. ಹಳಗನ್ನಡದಲ್ಲಿ ಇದು ‘ಪೊೞಲ್’. ಇಂದಿನ ಹೊಳಲ್ ಎಂಬ ರೂಪದಲ್ಲಿ ಎರಡು ಬದಲಾವಣೆಗಳು ಸೇರಿವೆ. ಪದಾದಿಯ ಪಕಾರವು ಹಕಾರವಾದದ್ದು ಒಂದು. ನಡುವಣ ೞಕಾರವು ಳಕಾರದಲ್ಲಿ ಲೀನವಾದದ್ದು ಇನ್ನೊಂದು. ಮೊದಲನೆಯದು ಕನ್ನಡಿಗರೆಲ್ಲರೂ ಬಲ್ಲುದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಎರಡನೆಯದರ ಅರಿವು ಕಡಿಮೆ. ೞಕಾರವು ಸ್ವರಗಳ ನಡುವೆ ಳಕಾರವಾಗಿಯೂ ವ್ಯಂಜನದ ಹಿಂದೆ ರಕಾರವಾಗಿಯೂ ಮಾರ್ಪಟ್ಟಿತು. ‘ಪೊೞ್ತು’ ಎಂಬುದು ‘ಪೊರ್ತು’ ಆಗಿ ಕಡೆಗೆ ‘ಹೊತ್ತು’ ಆದ ಬಗೆ ಇದಕ್ಕೆ ನಿದರ್ಶನ. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಜೈನ ವೈಯಾಕರಣ ಕೇಶಿರಾಜನು ರಳ, ಕುಳ, ಕ್ಷಳ ಎಂಬ ಮೂರು ಭೇದಗಳನ್ನು ಎಣಿಸಿ, ರಳವೆಂದರೆ ೞಕಾರ ಎಲ್ಲೆಲ್ಲಿ ಬರಬೇಕೆಂಬುದನ್ನು ಪ್ರಯತ್ನಪೂರ್ವಕವಾಗಿ ನಿರೂಪಿಸಿದ್ದಾನೆ. ಎಲ್ಲರ ನಾಲಗೆಯಲ್ಲಿಯೂ ಸ್ಪಷ್ಟವಾಗಿದ್ದ ಭೇದವನ್ನು ಹೀಗೆ ಕಲಿಸಬೇಕಾದ ಅಗತ್ಯವಿರುವುದಿಲ್ಲ. ಆ ಭೇದವು ಅವನ ಕಾಲಕ್ಕೆ ಆಡುಮಾತಿನಿಂದ ಜಾರಿ ಗ್ರಂಥದ ವಿಷಯವಾಗಿತ್ತೆಂಬುದನ್ನು ಅವನ ಶ್ರಮವೇ ಸೂಚಿಸುತ್ತದೆ.

ಹೆಸರಿನ ಉತ್ತರಾರ್ಧವೂ ಇಂಥದೇ. ‘ಕೆರೆ’ಯ ಹಳೆಯ ರೂಪ ‘ಕೆಱೆ’, ಅಲ್ಲಿರುವುದು ಶಕಟರೇಫ. ತೆಲುಗಿನಲ್ಲಿ ಇದು ‘ಚೆಱುವು’. ತಮಿಳಿನಲ್ಲಿ ‘ಚಿಱೈ’, ಅಲ್ಲಿ ತಡೆ, ಸೆರೆ, ಅಣೆಕಟ್ಟು, ಜಲಾಶಯ ಎಂಬ ಅರ್ಥಗಳುಂಟು. ಕನ್ನಡದ ಪದಾದಿ ಕಕಾರವು ಇಕಾರ ಎಕಾರಗಳ ಮುಂದೆ ಆ ಎರಡು ಭಾಷೆಗಳಲ್ಲಿ ಚಕಾರವಾಗುವುದು ನಿಯತ. ಕನ್ನಡದ ‘ಕಿವಿ’ ಅಲ್ಲಿ ‘ಚೆವಿ’. ಹೀಗೆ ನಮ್ಮ ವರ್ಣಮಾಲೆಯಿಂದ ಬಿದ್ದುಹೋದ ೞ, ಱ ಎಂಬ ಎರಡು ಅಕ್ಷರಗಳೂ ಹೊಳಲ್ಕೆರೆ ಎಂಬ ಒಂದೇ ಹೆಸರಿನಲ್ಲಿ ಅಡಗಿವೆ. ಇಂದಿನ ಬರವಣಿಗೆಯಲ್ಲಿ ಎರಡೂ ಕಾಣಿಸುವುದಿಲ್ಲ. ಕಾಣಿಸದ ಈ ಎರಡು ಅಕ್ಷರಗಳೇ ಹೆಸರಿನ ಅರ್ಥಕ್ಕೆ ಕೀಲಿಕೈ.

ಇನ್ನು ಅರ್ಥ. ಪೊೞಲ್ ಎಂದರೆ ಪಟ್ಟಣ, ನಗರ. ಇದಕ್ಕೆ ಅತ್ಯಂತ ಪುಷ್ಟವಾದ ಸಾಕ್ಷ್ಯ 10ನೆಯ ಶತಮಾನದ ಗದ್ಯಕೃತಿಯಾದ ವಡ್ಡಾರಾಧನೆಯಲ್ಲಿದೆ. ಅದರ ಹತ್ತೊಂಬತ್ತು ಕಥೆಗಳ ಆರಂಭದಲ್ಲಿ ಒಂದು ಸಿದ್ಧವಾದ ಕ್ರಮವುಂಟು. ದ್ವೀಪವನ್ನೂ ಕ್ಷೇತ್ರವನ್ನೂ ಹೇಳಿ, ಬಳಿಕ ನಾಡನ್ನು ಹೇಳಿ, ಅದರೊಳಗಣ ಪೊೞಲನ್ನು ಹೆಸರಿಸಿ, ಅನಂತರ ಅದನ್ನಾಳುವ ಅರಸನನ್ನೂ ಅವನ ಮಹಾದೇವಿಯನ್ನೂ ಪರಿಚಯಿಸುವುದು ಆ ಕ್ರಮ. ಇದೇ ಆರಾಧನಾ ಪರಂಪರೆಯ ಕಥೆಗಳನ್ನು ಸಂಸ್ಕೃತದಲ್ಲಿ ಹೇಳುವ ಹರಿಷೇಣನ ಬೃಹತ್ಕಥಾಕೋಶವನ್ನು ಆ. ನೇ. ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿ ಪ್ರಕಟಿಸಿದರು; ವಡ್ಡಾರಾಧನೆಯನ್ನು ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಪ್ರಕಟಿಸಿದರು. ಎರಡನ್ನೂ ಹೋಲಿಸಿ ಓದುವವರಿಗೆ, ಸಂಸ್ಕೃತ ಪ್ರಾಕೃತ ಪರಂಪರೆಯು ನಗರ, ಪುರ ಮುಂತಾದ ಶಬ್ದಗಳಿಂದ ಹೇಳುವುದನ್ನು ಕನ್ನಡ ಗದ್ಯಕಾರನು ಪೊೞಲ್ ಎಂಬ ದೇಶ್ಯಶಬ್ದದಿಂದ ಹೇಳಿರುವುದು ಸ್ಪಷ್ಟವಾಗುತ್ತದೆ. ಉಜ್ಜೇನಿ, ಪಾಟಲಿಪುತ್ರಗಳಂತಹ ರಾಜಧಾನಿಗಳಿಗೂ ಆ ಶಬ್ದವೇ ಸಾಕೆನಿಸಿತು. ಅಂದರೆ ಪೊೞಲ್ ಎಂಬುದು ಆಗ ಹಳ್ಳಿಯ ಮಾತಲ್ಲ. ನಗರಕ್ಕೆ ಸಮನಾದ, ಗೌರವವುಳ್ಳ ಶಬ್ದ.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಹೊಳಲ್ಕೆರೆ ಎಂಬ ಹೆಸರಿಗೆ ತೋರಬಹುದಾದ ಎರಡು ಸುಲಭ ನಿಷ್ಪತ್ತಿಗಳನ್ನು ಪರೀಕ್ಷಿಸೋಣ. ಹೊಳೆಯುವ ನೀರುಳ್ಳ ಕೆರೆಯೆಂಬುದು ಒಂದು. ಹೊಳೆ ಸೇರುವ ಕೆರೆಯೆಂಬುದು ಇನ್ನೊಂದು. ಇಂದಿನ ಅಕ್ಷರಗಳನ್ನು ಮಾತ್ರ ನೋಡಿದರೆ ಎರಡೂ ಸರಿಯೆಂದೇ ತೋರುತ್ತದೆ. ಆದರೆ ‘ಪ್ರಕಾಶಿಸು’ ಎಂಬ ಅರ್ಥದ ಪೊಳೆ ಧಾತುವಿನಲ್ಲಿರುವುದು ಕುಳ, ಅಂದರೆ ಸಾಮಾನ್ಯ ಳಕಾರ. ಪೊೞಲಿನಲ್ಲಿರುವುದು ರಳ. ಆದುದರಿಂದ ಮೊದಲನೆಯ ನಿಷ್ಪತ್ತಿ ಅಕ್ಷರದಿಂದಲೇ ಬಾಧಿತವಾಗುತ್ತದೆ. ನದಿಯ ಅರ್ಥದ ‘ಹೊಳೆ’ಯಲ್ಲಿ ಮೂಲತಃ ಇದ್ದುದು ೞಕಾರವೇ, ಮಲಯಾಳದ ‘ಪುೞ’ ಅದನ್ನು ಇಂದಿಗೂ ಉಳಿಸಿಕೊಂಡಿದೆ. ಆದ್ದರಿಂದ ಎರಡನೆಯ ನಿಷ್ಪತ್ತಿಗೆ ಅಕ್ಷರದ ಬಾಧೆಯಿಲ್ಲ, ರಚನೆಯ ಬಾಧೆಯುಂಟು. ‘ಪೊೞೆ’ಯ ಮೇಲೆ ಕೆಱೆ ಬಂದರೆ ಹೊಳೆಕೆರೆ, ಹೊಳೆಗೆರೆ ಎಂಬಂತಹ ರೂಪಗಳಾಗಬೇಕೇ ಹೊರತು ನಡುವೆ ಲಕಾರ ಬರಲು ಕಾರಣವಿಲ್ಲ. ಹೊಳಲ್ಕೆರೆಯ ಲಕಾರವು ವ್ಯಂಜನಾಂತವಾಗಿಯೇ ಉಳಿದಿರುವುದನ್ನೂ ಗಮನಿಸಬೇಕು. ಒಂಟಿಯಾಗಿ ನಿಂತ ಶಬ್ದವು ಉಕಾರವನ್ನು ತಳೆದು ‘ಹೊಳಲು’ ಎಂದಾಯಿತು. ಮಂಡ್ಯದ ಬಳಿಯಲ್ಲಿಯೂ ಹೂವಿನಹಡಗಲಿ ಸೀಮೆಯಲ್ಲಿಯೂ ಆ ಹೆಸರಿನ ಊರುಗಳಿವೆ. ಸಮಾಸದ ಒಳಗೆ ಸಿಕ್ಕಿಕೊಂಡ ಹೊಳಲ್ಕೆರೆಯ ಶಬ್ದವಾದರೋ ಹಳಗನ್ನಡದ ವ್ಯಂಜನಾಂತ ರೂಪವನ್ನು ಬಿಟ್ಟಿಲ್ಲ. ‘ಪಟ್ಟಣದ ಕೆರೆ’ ಎಂಬ ಅರ್ಥವೊಂದೇ ಅಕ್ಷರಕ್ಕೂ ರಚನೆಗೂ ಹೊಂದುತ್ತದೆ.

ಪೊೞಲಿನಲ್ಲಿರುವುದು ರಳವೇ ಎಂಬುದಕ್ಕೆ ಕನ್ನಡದ ಹೊರಗಿನ ಸಾಕ್ಷಿಯೂ ಬೇಕಷ್ಟೆ. ಅದನ್ನು ತೆಲುಗು ಒದಗಿಸುತ್ತದೆ. ತೆಲುಗಿನಲ್ಲಿ ಪಟ್ಟಣಕ್ಕೆ ‘ಪ್ರೋಲು’ ಎಂಬ ಹಳೆಯ ಶಬ್ದವಿದೆ. 1892ರಲ್ಲಿ ಅಲೆಕ್ಸಾಂಡರ್ ರೀ ಅವರ ಉತ್ಖನನದಿಂದ ಪ್ರಸಿದ್ಧವಾದ ಬೌದ್ಧ ಸ್ತೂಪದ ಸ್ಥಳ ಭಟ್ಟಿಪ್ರೋಲು. ಚೇಬ್ರೋಲು, ನಿಡದವೋಲು ಎಂಬ ಹೆಸರುಗಳಲ್ಲಿ ಅದೇ ಶಬ್ದವು ಬ್ರೋಲು, ವೋಲು ಎಂದು ಸವೆದು ನಿಂತಿದೆ. ನಿಡದವೋಲನ್ನು ಪೂರ್ವಚಾಳುಕ್ಯರ ಕಾಲದ ನಿರವದ್ಯಪುರವೆಂದು ಇತಿಹಾಸಕಾರರು ಗುರುತಿಸಿರುವುದರಿಂದ, ಪ್ರೋಲು ಎಂಬುದಕ್ಕೆ ಪುರವೆಂಬ ಅರ್ಥವೇ ಇತ್ತೆಂಬುದೂ ದೃಢವಾಗುತ್ತದೆ. ಪೊೞಲ್ ಎಂಬುದಕ್ಕೂ ಪ್ರೋಲು ಎಂಬುದಕ್ಕೂ ಕಿವಿಗೆ ಕೇಳುವ ಹೋಲಿಕೆ ಅಲ್ಪ. ಆದರೂ ಸಂಬಂಧ ನಿಶ್ಚಿತ. ಏಕೆಂದರೆ ಕನ್ನಡ ತಮಿಳುಗಳ ಪದಮಧ್ಯದ ೞಕಾರವು ತೆಲುಗಿನಲ್ಲಿ ಮುಂದಕ್ಕೆ ಸರಿದು ಪದಾದಿ ವ್ಯಂಜನದೊಡನೆ ರಕಾರವಾಗಿ ಕೂಡುವುದು ಅನೇಕ ಶಬ್ದಗಳಲ್ಲಿ ಕಂಡ ನಿಯಮ. ಹಳೆಯದೆಂಬ ಅರ್ಥದ ‘ಪೞ’ ತೆಲುಗಿನಲ್ಲಿ ‘ಪ್ರಾತ’. ನಮ್ಮ ‘ಕೆೞಗೆ’ ಅಲ್ಲಿ ‘ಕ್ರಿಂದ’. ತಮಿಳಿನ ‘ಕೊೞುಪ್ಪು’, ನಮ್ಮ ‘ಕೊಬ್ಬು’ ಅಲ್ಲಿ ‘ಕ್ರೊವ್ವು’. ಕೊನೆಯ ಭಾಗಕ್ಕೂ ಆಧಾರವುಂಟು. ತಮಿಳಿನ ‘ಉರಲ್’, ಕನ್ನಡದ ‘ಒರಳ್’ ತೆಲುಗಿನಲ್ಲಿ ‘ರೋಲು’ ಆಗಿರುವಂತೆಯೇ ಪೊೞಲ್ ‘ಪ್ರೋಲು’ ಆಗಿದೆ. ತೆಲುಗಿನ ಆ ರಕಾರವು ಕನ್ನಡದ ೞಕಾರಕ್ಕೆ ಸಾಕ್ಷಿ ನುಡಿಯುತ್ತದೆ.

ತುಳುವಿನ ಸಾಕ್ಷ್ಯವೂ ಹೀಗೆಯೇ ಇದೆ. ಬಂಟ್ವಾಳ ತಾಲ್ಲೂಕಿನ, ರಾಜರಾಜೇಶ್ವರಿ ದೇವಾಲಯದಿಂದ ಪ್ರಸಿದ್ಧವಾದ ಪೊಳಲಿಯನ್ನು ತುಳುವರು ‘ಪುರಲ್’ ಎನ್ನುವರು. ಕನ್ನಡದ ಕೋೞಿ ತುಳುವಿನಲ್ಲಿ ‘ಕೋರಿ’, ಪುೞು ‘ಪುರಿ’, ಹಳೆಯದೆಂಬ ಅರ್ಥದ ಪೞ ‘ಪರ’. ಈ ಸಾಲಿನಲ್ಲಿ ಪೊೞಲ್–ಪುರಲ್ ಎಂಬ ಜೋಡಿಯೂ ಸೇರುತ್ತದೆ. ಇಲ್ಲಿ ಎಚ್ಚರಿಕೆ ಬೇಕಾದ ಸಂಗತಿಯೊಂದಿದೆ. ತುಳು ರೂಪವನ್ನು ಮಾತ್ರ ನೋಡಿದವರು ಪುರಲ್ ಎಂಬುದು ಸಂಸ್ಕೃತದ ‘ಪುರ’ದಿಂದ ಬಂದುದೆಂದು ನಿರ್ಣಯಿಸುವುದು ಬಹು ಸುಲಭ, ಅರ್ಥವೂ ಹೊಂದುತ್ತದೆ, ಅಕ್ಷರವೂ ಹೊಂದುತ್ತದೆ. ಆದರೂ ಅದು ತಪ್ಪಾಗುತ್ತದೆ. ಪುರ ಶಬ್ದದಿಂದ ಬಂದಿದ್ದರೆ ಕನ್ನಡ ರೂಪದಲ್ಲಿ ಳಕಾರವಿರಲು ಕಾರಣವೇ ಇರುತ್ತಿರಲಿಲ್ಲ. ಎರಡು ಭಾಷೆಗಳ ರೂಪಗಳನ್ನು ಎದುರುಬದುರಾಗಿ ಇಟ್ಟಾಗ ಮಾತ್ರ ಸತ್ಯವು ಹೊರಬೀಳುತ್ತದೆ.

ತಮಿಳಿಗೆ ಬಂದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿ ‘ಪೊೞಿಲ್’ ಎಂಬ ಶಬ್ದವುಂಟು. ತೋಪು, ಉದ್ಯಾನ ಎಂಬುದು ಅದರ ಪ್ರಸಿದ್ಧಾರ್ಥ. ಭೂಮಿ, ಲೋಕ, ನಾಡಿನ ಒಂದು ವಿಭಾಗ ಎಂಬ ಅರ್ಥಗಳನ್ನೂ ತಮಿಳು ಕೋಶಗಳು ಕೊಡುತ್ತವೆ. ಜೊತೆಗೆ ‘ಪುೞಲ್’ ಎಂಬ ಮತ್ತೊಂದು ಶಬ್ದವಿದೆ. ಕೊಳವೆ, ಪೊಳ್ಳು ಎಂದು ಅದರ ಅರ್ಥ. ಚೆನ್ನೈಯ ಉತ್ತರಕ್ಕೆ ಪುೞಲ್ ಎಂಬ ಊರೇ ಇದೆ. ಅಲ್ಲಿ ಆದಿನಾಥ ಜಿನಾಲಯವೂ ಇರುವುದರಿಂದ ಕನ್ನಡ ಜೈನಕೃತಿಗಳ ಪೊೞಲನ್ನು ನೆನೆದು ಮನಸ್ಸು ಅತ್ತ ವಾಲುತ್ತದೆ. ಧ್ವನಿನಿಯಮವನ್ನು ಮಾತ್ರ ಹಿಡಿದರೆ ಈ ಜೋಡಿಗೆ ಅಡ್ಡಿಯಿಲ್ಲ. ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಐಕಾರವಿದ್ದಾಗ ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬರುವುದು ಸಾಮಾನ್ಯ; ತಮಿಳಿನ ಉಡಲ್, ಕುಡೈ, ಪುಗೈ ಎಂಬುವು ನಮ್ಮಲ್ಲಿ ಒಡಲ್, ಕೊಡೆ, ಪೊಗೆ. ಆದರೆ ಕೊಳವೆಗೂ ನಗರಕ್ಕೂ ಅರ್ಥದ ಸೇತುವೆ ಇಲ್ಲ. ಸೇತುವೆಯನ್ನು ಕಲ್ಪಿಸಿ ಕಟ್ಟಬಹುದು, ಕಲ್ಪನೆಯು ಪ್ರಮಾಣವಾಗಲಾರದು. ಪೊೞಿಲ್ ಎಂಬುದರ ವಿಷಯ ಬೇರೆ. ಅಲ್ಲಿ ಪ್ರತ್ಯಯಸ್ವರ ಮಾತ್ರ ಭಿನ್ನ. ಪೊೞ್ ಎಂಬ ಒಂದೇ ಪ್ರಕೃತಿಗೆ ಕನ್ನಡದಲ್ಲಿ ಅಲ್, ತಮಿಳಿನಲ್ಲಿ ಇಲ್ ಸೇರಿವೆಯೆಂದು ತಿಳಿಯಲು ಅವಕಾಶವಿದೆ. ನಾಡಿನ ವಿಭಾಗವೆಂಬ ಅರ್ಥವು ಪಟ್ಟಣಕ್ಕೂ ತೋಪಿಗೂ ನಡುವೆ ನಿಲ್ಲಬಲ್ಲುದು. ಆದ್ದರಿಂದ ಪ್ರೋಲು, ಪುರಲ್‌ಗಳ ಸಂಬಂಧವನ್ನು ನಿಶ್ಚಿತವೆಂದೂ, ಪೊೞಿಲಿನ ಸಂಬಂಧವನ್ನು ಸಂಭಾವ್ಯವೆಂದೂ, ಪುೞಲಿನ ಸಂಬಂಧವನ್ನು ಅಸಿದ್ಧವೆಂದೂ ಹೇಳುವುದು ಉಚಿತ. ನಿಷ್ಪತ್ತಿಯ ಚರ್ಚೆಯಲ್ಲಿ ಈ ಮೂರು ಪಂಕ್ತಿಗಳನ್ನು ಬೆರೆಸದಿರುವುದೇ ವಿವೇಕ.

ದ್ರಾವಿಡ ಭಾಷೆಗಳ ಹೊರಗೆ ಕಾಲಿಟ್ಟರೆ ಇದಕ್ಕಿಂತ ದೊಡ್ಡ ಪ್ರಲೋಭನೆ ಕಾದಿದೆ. ಗ್ರೀಕ್ ಭಾಷೆಯಲ್ಲಿ ನಗರಕ್ಕೆ ‘ಪೊಲಿಸ್’ ಎಂದು ಹೆಸರು. ಪೊೞಲ್, ಪೊಲಿಸ್: ಅರ್ಥ ಒಂದೇ, ರೂಪವೂ ಬಹುಮಟ್ಟಿಗೆ ಒಂದೇ. ಸಂಸ್ಕೃತದ ‘ಪುರ್’ ಶಬ್ದಕ್ಕಿಂತ ಕನ್ನಡದ ಪೊೞಲ್ ಗ್ರೀಕಿನ ಪೊಲಿಸ್‌ಗೆ ಹತ್ತಿರವಾಗಿ ಕೇಳಿಸುತ್ತದೆ. ಆದರೆ ಪೊಲಿಸ್ ಶಬ್ದದ ನಿಜವಾದ ಬಂಧು ಸಂಸ್ಕೃತದ ಪುರ್; ಕೋಟೆಯೆಂಬ ಅರ್ಥದ ಲಿಥುವೇನಿಯನ್ ‘ಪಿಲಿಸ್’ ಅವೆರಡಕ್ಕೂ ಸೋದರ. ಗ್ರೀಕಿನ ಲಕಾರಕ್ಕೆ ಸಂಸ್ಕೃತದ ರಕಾರ ಸಂವಾದಿಯಾಗುವುದು ಇತರ ಶಬ್ದಗಳಿಂದಲೂ ಸಿದ್ಧವಾದುದು. ಕನ್ನಡದ ೞಕಾರಕ್ಕೂ ಗ್ರೀಕಿನ ಲಕಾರಕ್ಕೂ ಅಂತಹ ಶ್ರೇಣಿ ಯಾವುದೂ ಇಲ್ಲ. ಇರುವುದು ಈ ಒಂದು ಜೋಡಿ ಮಾತ್ರ. ಹೆಚ್ಚು ಹೋಲುವುದು ಬಂಧುವಲ್ಲ, ಕಡಿಮೆ ಹೋಲುವುದು ಬಂಧು ಎಂಬ ಈ ವಿಪರ್ಯಾಸವು ತುಲನಾತ್ಮಕ ಭಾಷಾಶಾಸ್ತ್ರದ ಮೊದಲ ಪಾಠ. ಇದೇ ಗ್ರೀಕ್ ಶಬ್ದದಿಂದ ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್‌ಗಳ ಮೂಲಕ ಬಂದ ‘ಪೊಲೀಸ್’ ಇಂದು ಕನ್ನಡದ ಮಾತೇ ಆಗಿದೆ. ಹೊಳಲ್ಕೆರೆಯ ಪೊಲೀಸ್ ಠಾಣೆಯ ಹೆಸರಿನಲ್ಲಿ ನಗರವಾಚಿಗಳಾದ ಎರಡು ಶಬ್ದಗಳು ಅಕ್ಕಪಕ್ಕದಲ್ಲಿ ಕುಳಿತಿವೆ, ಒಂದಕ್ಕೊಂದು ಬಂಧುತ್ವವಿಲ್ಲ. ಹಿರಿಯೂರಿನ ‘ಊರ್’ ಶಬ್ದವನ್ನು ಸುಮೇರಿಯನ್ನರ ಉರ್ ಎಂಬ ನಗರಕ್ಕೂ, ಆ ಭಾಷೆಯಲ್ಲಿ ನಗರವಾಚಿಯಾದ ‘ಉರು’ ಶಬ್ದಕ್ಕೂ ಜೋಡಿಸುವವರಿಗೆ ಇದೇ ಸಮಾಧಾನವನ್ನು ಹೇಳಬೇಕು. ಆ ನಗರದ ಹೆಸರಿನ ಪೂರ್ಣರೂಪ ‘ಉರಿಮ್’. ನಗರವಾಚಿ ಶಬ್ದವು ಅದರಿಂದ ಬೇರೆ. ಎರಡು ಭಾಷಾವರ್ಗಗಳ ನಡುವೆ ನಿಯತವಾದ ಧ್ವನಿಸಂವಾದಗಳು ಸ್ಥಾಪಿತವಾಗುವವರೆಗೆ ಒಂಟಿ ಜೋಡಿಗಳಿಗೆ ಪ್ರಮಾಣದ ಬೆಲೆಯಿಲ್ಲ.

ಇಷ್ಟು ದೂರದ ವಿಚಾರವೆಲ್ಲ ಒಂದು ಅಕ್ಷರದ ಮೇಲೆ ನಿಂತಿದೆ. ಆ ಅಕ್ಷರ ನಮ್ಮ ಕೈಗೆ ಬಂದದ್ದು ಶಾಸನಗಳಿಂದ, ಓಲೆಗರಿಗಳಿಂದ. ಆದ್ದರಿಂದ ಗ್ರಂಥಸಂಪಾದಕರ ಹೊಣೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ. ೞಕಾರದ ಉಚ್ಚಾರವು ಲೋಪವಾದ ಮೇಲೆ ಹಳೆಯ ಕೃತಿಗಳನ್ನು ಪ್ರತಿಮಾಡಿದ ಲಿಪಿಕಾರರು ಎರಡು ಬಗೆಯಲ್ಲಿ ತಪ್ಪಿದ್ದಾರೆ. ಕೆಲವರು ೞ ಇದ್ದಲ್ಲೆಲ್ಲ ಳ ಬರೆದರು. ಮತ್ತೆ ಕೆಲವರು ಪ್ರಾಚೀನತೆಯ ಮೇಲಣ ಗೌರವದಿಂದ ಳ ಇರಬೇಕಾದಲ್ಲಿಯೂ ೞ ಬರೆದರು. ಚಂಪೂಕಾವ್ಯದ ಪದ್ಯಗಳಲ್ಲಿ ಈ ದೋಷಕ್ಕೆ ಮದ್ದುಂಟು. ಕನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರವು ಪ್ರಾಸಸ್ಥಾನ. ಪೊೞಲ್ ಶಬ್ದದಲ್ಲಿ ೞಕಾರವಿರುವುದು ಸರಿಯಾಗಿ ಅದೇ ಸ್ಥಾನದಲ್ಲಿ. ಪದ್ಯವೊಂದು ಆ ಶಬ್ದದಿಂದ ಮೊದಲಾದರೆ ಉಳಿದ ಪಾದಗಳಲ್ಲಿಯೂ ೞಕಾರವೇ ಬರಬೇಕು. ಲಿಪಿಕಾರನು ನಾಲ್ಕೂ ಕಡೆ ಳ ಬರೆದಿದ್ದರೂ, ಉಳಿದ ಪಾದಗಳ ಶಬ್ದಗಳು ರಳಘಟಿತವೆಂದು ಬೇರೆ ಪ್ರಮಾಣದಿಂದ ತಿಳಿದಿದ್ದರೆ ಮೂಲಪಾಠವನ್ನು ಕಂಡುಕೊಳ್ಳಬಹುದು. ಕವಿಯ ಕಾಲವನ್ನು ಮಾತ್ರ ಮರೆಯಬಾರದು. ಭೇದವಳಿದ ಮೇಲಿನ ಕವಿಗಳಲ್ಲಿ ಈ ಒರೆಗಲ್ಲು ನಿಲ್ಲದು. ಗದ್ಯಕ್ಕಾದರೋ ಇಂತಹ ರಕ್ಷಣೆಯೇ ಇಲ್ಲ. ವಡ್ಡಾರಾಧನೆಯಂತಹ ಕೃತಿಯಲ್ಲಿ ಪ್ರತಿಗಳ ಅಕ್ಷರವೇ ಸರ್ವಸ್ವ. ಒಂದು ಪ್ರತಿ ೞ ಎಂದೂ ಇನ್ನೊಂದು ಳ ಎಂದೂ ಬರೆದಿದ್ದರೆ ಅದು ಲೇಖನದೋಷವೆಂದು ಕಡೆಗಣಿಸತಕ್ಕ ಸಂಗತಿಯಲ್ಲ, ದಾಖಲಿಸತಕ್ಕ ಪಾಠಾಂತರ.

ಆದರೆ ವಿದ್ಯಾರ್ಥಿಗಳಿಗೂ ಸಾಮಾನ್ಯ ಓದುಗರಿಗೂ ಅನುಕೂಲವಾಗಲೆಂದು ೞ, ಱಗಳನ್ನು ಬಿಟ್ಟು ಹಳಗನ್ನಡ ಗ್ರಂಥಗಳನ್ನು ಅಚ್ಚುಹಾಕುವ ಪದ್ಧತಿ ನಮ್ಮಲ್ಲಿ ನಡೆದುಬಂದಿದೆ. ಅನುಕೂಲದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗೊತ್ತಿಲ್ಲದ ಎರಡು ಅಕ್ಷರಗಳು ಓದುಗನನ್ನು ಹೆದರಿಸಿ ಪಂಪ ರನ್ನರಿಂದ ದೂರವಿಟ್ಟರೆ ಅದೂ ನಷ್ಟವೇ. ಆದರೂ ಎರಡು ನಷ್ಟಗಳಲ್ಲಿ ತಾರತಮ್ಯವುಂಟು. ಅಕ್ಷರವನ್ನು ಕಲಿಯುವುದು ಒಂದು ದಿನದ ಕೆಲಸ. ಅಳಿಸಿದ ಅಕ್ಷರವನ್ನು ಮುದ್ರಿತ ಪುಸ್ತಕದಿಂದ ಮರಳಿ ಪಡೆಯುವುದು ಅಸಾಧ್ಯ. ಮಾತೃಕೆಯ ಓಲೆ ಹುಳುಹತ್ತಿ ನಾಶವಾದ ಮೇಲಂತೂ ಆ ಮುದ್ರಿತ ಪಾಠವೇ ಕೊನೆಯ ಸಾಕ್ಷಿಯಾಗಿ ಉಳಿಯುತ್ತದೆ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಈ ಅಕ್ಷರಗಳನ್ನು ಬೇರೆಯಾಗಿಯೇ ಕಾಣಿಸಿತು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿಯೇ ಪ್ರಕಟವಾಗಿ ಸಂಪಾದಕರಿಗೆ ದಾರಿದೀಪವಾಯಿತು. ದಾರಿ ತಿಳಿದಿದ್ದೂ ನಡೆಯದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಪಾಠದಲ್ಲಿ ಮೂಲಾಕ್ಷರವನ್ನು ಉಳಿಸಿ, ಸರಳರೂಪವನ್ನು ಅಡಿಯಲ್ಲಿಯೋ ಶಬ್ದಕೋಶದಲ್ಲಿಯೋ ಕೊಡುವುದೇ ಯುಕ್ತ. ಇದಕ್ಕೆ ವಿರುದ್ಧವಾದ ಕ್ರಮ ಯುಕ್ತವಲ್ಲ.

ಗಣಕಯಂತ್ರದ ಯುಗದಲ್ಲಿ ಈ ಪ್ರಶ್ನೆ ಹಳತಾಗಿಲ್ಲ, ಮತ್ತಷ್ಟು ತೀವ್ರವಾಗಿದೆ. ಯುನಿಕೋಡ್ ಸಂಕೇತಮಾಲೆಯಲ್ಲಿ ೞಕಾರಕ್ಕೆ ಸ್ಥಾನವೇನೋ ದೊರೆತಿದೆ. ಆದರೆ ಅದಕ್ಕಿಟ್ಟ ಇಂಗ್ಲಿಷ್ ಹೆಸರು ‘ಫ಼’ ಎಂಬ ಧ್ವನಿಯನ್ನು ಸೂಚಿಸುವ, ಈ ಅಕ್ಷರಕ್ಕೆ ಏನೇನೂ ಸಂಬಂಧವಿಲ್ಲದ ಹೆಸರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಲಾಗಿದೆ. ತನ್ನ ಹೆಸರನ್ನೂ ಸರಿಯಾಗಿ ಪಡೆಯದ ಅಕ್ಷರ ಇದು. ಹಸ್ತಪ್ರತಿ ಸೂಚಿಗಳನ್ನೂ ಪ್ರಾಚೀನ ಗ್ರಂಥಗಳ ಪಾಠಗಳನ್ನೂ ಯಂತ್ರಕ್ಕೆ ತುಂಬುವವರು ೞ ಬದಲು ಳ ಒತ್ತಿದರೆ, ಪೊೞಲ್ ಎಂದು ಹುಡುಕುವವರಿಗೆ ಆ ಗ್ರಂಥದಲ್ಲಿ ಶಬ್ದವೇ ಇಲ್ಲವೆಂಬ ಉತ್ತರ ಬರುತ್ತದೆ. ಲಿಪಿಕಾರನ ತಪ್ಪು ಒಂದು ಪ್ರತಿಗೆ ಸೀಮಿತವಾಗಿತ್ತು. ಯಂತ್ರದ ತಪ್ಪಿಗೆ ಆ ಮಿತಿಯಿಲ್ಲ. ಎರಡೂ ರೂಪಗಳನ್ನು ಸೂಚಿಯಲ್ಲಿ ಜೋಡಿಸಿ ಕೊಡುವುದು ಕಷ್ಟದ ಕೆಲಸವೇನಲ್ಲ. ಹಸ್ತಪ್ರತಿ ಭಾಂಡಾರಗಳು ಇದನ್ನು ಕಡ್ಡಾಯ ನಿಯಮವಾಗಿ ಅಂಗೀಕರಿಸುವುದು ಅವಶ್ಯ.

ಕೊನೆಯದಾಗಿ, ಹೊಳಲ್ಕೆರೆ ಎಂಬ ಹೆಸರಿನಿಂದ ಇತಿಹಾಸಕ್ಕೆ ಏನು ದೊರೆಯುತ್ತದೆ ಎಂಬ ಪ್ರಶ್ನೆ. ಹೆಸರಿಟ್ಟ ಜನರು ತಮ್ಮ ವಸತಿಯನ್ನು, ಇಲ್ಲವೆ ಸಮೀಪದ ಒಂದು ವಸತಿಯನ್ನು, ‘ಊರ್’ ಎನ್ನದೆ ‘ಪೊೞಲ್’ ಎಂದು ಕರೆದರು. ಅದಕ್ಕೆ ಸೇರಿದ ಕೆರೆಯೊಂದಿತ್ತು. ಇಷ್ಟು ಮಾತ್ರ ಹೆಸರಿನಿಂದ ಸಿದ್ಧ. ಇಷ್ಟರಿಂದಲೇ ಅಲ್ಲೊಂದು ರಾಜಧಾನಿ ಇತ್ತೆಂದು ಸಾಧಿಸಹೊರಟರೆ ಅದು ಶಬ್ದಕ್ಕೆ ಭಾರ ಹೊರಿಸಿದಂತಾಗುತ್ತದೆ. ನಗರವಾಚಿ ಶಬ್ದಗಳು ಕಾಲಾಂತರದಲ್ಲಿ ಚಿಕ್ಕ ವಸತಿಗಳಿಗೂ ಸಲ್ಲುವುದು ಎಲ್ಲ ಭಾಷೆಗಳಲ್ಲಿಯೂ ಕಂಡದ್ದು. ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟವಾಗಿ 1903ರಲ್ಲಿ ಪ್ರಕಟಿಸಿದರು. ಆ ಶಾಸನಗಳ ಪಡಿಯಚ್ಚುಗಳಲ್ಲಿ ಈ ಹೆಸರಿನ ಒಂದೊಂದು ಪ್ರಯೋಗವನ್ನೂ ಅಕ್ಷರಶಃ ನೋಡಿ, ಎಲ್ಲಿ ೞ ಇದೆ, ಎಲ್ಲಿ ಳ ಇದೆ, ಎಲ್ಲಿ ಪಕಾರ ಹಕಾರವಾಗಿದೆ ಎಂದು ಕಾಲಾನುಕ್ರಮದಲ್ಲಿ ಪಟ್ಟಿಮಾಡಿದರೆ, ಈ ಒಂದು ಹೆಸರಿನಿಂದಲೇ ಆ ಸೀಮೆಯ ಕನ್ನಡದ ಧ್ವನಿಚರಿತ್ರೆಯ ಒಂದು ಅಧ್ಯಾಯ ಸಿದ್ಧವಾಗುತ್ತದೆ. ಹಿರಿಯೂರು, ಹೊಸದುರ್ಗ ಎಂಬ ಹೆಸರುಗಳ ಆದಿಯ ಹಕಾರಕ್ಕೂ ಈ ಪರೀಕ್ಷೆ ಸಲ್ಲುತ್ತದೆ. ತರುಣ ಸಂಶೋಧಕರು ಈ ಕಾರ್ಯವನ್ನು ಕೈಗೊಳ್ಳುವುದು ಅಪೇಕ್ಷಣೀಯ.